ನೋವು ಇಳಿದರೂ ಮದ್ದು ಇಳಿದಿರಲ್ಲ

ಮಳೆ ಬಿದ್ದು ಸೊಳ್ಳೆ, ಗುಂಗಾಡು ಹೆಚ್ಚಾದರೆ ನಮ್ಮ ಕಡೆ ಹಸು ಎಮ್ಮೆಗಳಿಗೆ ಮೂರು ದಿನದ ಜ್ವರ ಬಂದೇ ಬರುತ್ತೆ. ಬೆಳಿಗ್ಗೆ ಚೆನ್ನಾಗಿ ಮೇವು ತಿಂದ ಹಸು ಮಧ್ಯಾಹ್ನಕ್ಕೆ ಮೈ ಸುಡುತ್ತಾ, ಕುಂಟುತ್ತಾ, ಮೆಲುಕು ನಿಲ್ಲಿಸಿ ಮಲಗಿಬಿಡುತ್ತೆ. ಒಂದು ಇಂಜೆಕ್ಷನ್ ಬಿದ್ದರೆ ಸಂಜೆಗೆ ಎದ್ದು ನಿಲ್ಲುತ್ತೆ. ಎದ್ದು ನಿಂತ ಹಸುವನ್ನು ನೋಡಿ ಮನೆಯವರು "ಮದ್ದು ಕೆಲಸ ಮಾಡ್ತು, ಮುಗೀತು" ಅಂತಾರೆ.

ಕೆಲಸ ಮಾಡಿದ್ದು ನಿಜ. ಮುಗಿದಿಲ್ಲ. ಮದ್ದು ಹಸುವಿನ ಮೈಯಲ್ಲೇ ಇದೆ. ಇನ್ನೂ ಎರಡು ದಿನ, ಮೂರು ದಿನ, ಕೆಲವು ಸಲ ಅದಕ್ಕಿಂತ ಹೆಚ್ಚು ಇರುತ್ತೆ. ಆ ದಿನಗಳಲ್ಲಿ ಅದು ಎಲ್ಲೆಲ್ಲಿ ಓಡಾಡುತ್ತೆ, ಯಾವ ದಾರಿಯಲ್ಲಿ ಹೊರಗೆ ಬರುತ್ತೆ, ಬರುವಷ್ಟರಲ್ಲಿ ಹಸು ಸತ್ತರೆ ಏನಾಗುತ್ತೆ ಅನ್ನುವುದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ಬಲಸಮುದ್ರದ ಸುತ್ತ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಊರುಗಳಲ್ಲಿ ನಾವು ಸುದ್ದಿಗೆ ಓಡಾಡುವಾಗ ಮಳೆ, ಬೆಲೆ, ಬೋರ್‌ವೆಲ್ ಮಾತು ಮುಗಿದ ಮೇಲೆ ಬರುವ ಮಾತು ದನ ಕುರಿಗಳದ್ದು. ಬೆಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಡೈರಿಯ ವಾರದ ಬಟವಾಡೆ, ಇಲ್ಲದಿದ್ದರೆ ಸಂತೆಗೆ ಹೋದ ಎರಡು ಟಗರು. ಆದ್ದರಿಂದ ಹಸುವಿಗೆ ಕೊಟ್ಟ ಇಂಜೆಕ್ಷನ್ ಅಂದರೆ ಹಸುವಿನ ವಿಷಯ ಮಾತ್ರ ಅಲ್ಲ.

ನೋವು ಕಡಿಮೆ ಮಾಡುವ ಮದ್ದು ಮಾಡುವುದೇನು?

ಹಿಂದೆ ನಮ್ಮ ಹಿರಿಯರು ಎತ್ತಿನ ಹೆಗಲು ಬಾತರೆ ಬರೆ ಹಾಕುತ್ತಿದ್ದರು. ಆ ಗುರುತು ಇರುವ ಎತ್ತುಗಳನ್ನು ನಾವೂ ಚಿಕ್ಕವರಿದ್ದಾಗ ನೋಡಿದ್ದೇವೆ. ನೋವಿನ ಮೇಲೆ ಇನ್ನೊಂದು ನೋವು. ಇಂಜೆಕ್ಷನ್ ಬಂದಮೇಲೆ ಅದು ಬಹಳ ಕಡಿಮೆಯಾಯಿತು. ಒಳ್ಳೆಯದೇ ಆಯಿತು. ನೋವಿರುವ ದನ ಮೇವು ತಿನ್ನಲ್ಲ, ನೀರು ಕುಡಿಯಲ್ಲ, ಹಾಲು ಇಳಿಸುತ್ತೆ. ನೋವು ಕಡಿಮೆ ಮಾಡುವುದು ಕರುಣೆಯೂ ಹೌದು, ಲೆಕ್ಕವೂ ಹೌದು.

ಈಗ ಹೆಚ್ಚು ಬಳಕೆಯಲ್ಲಿರುವ ಮದ್ದು ಮೆಲಾಕ್ಸಿಕಾಮ್. ಫ್ಲೂನಿಕ್ಸಿನ್, ಟಾಲ್ಫೆನಾಮಿಕ್ ಆಸಿಡ್ ಇವೆ. ಮೆಲಾಕ್ಸಿಕಾಮ್ ಜೊತೆ ಪ್ಯಾರಾಸಿಟಮಾಲ್ ಬೆರೆಸಿದ ಬಾಟಲಿಗಳೂ ಬರುತ್ತವೆ. ಪೆಟ್ಟಾದ ಜಾಗದಲ್ಲಿ, ಬಾವು ಬಂದ ಜಾಗದಲ್ಲಿ ಮೈ ತಾನೇ ಪ್ರೋಸ್ಟಗ್ಲ್ಯಾಂಡಿನ್ ಅನ್ನುವ ರಾಸಾಯನಿಕ ತಯಾರಿಸುತ್ತೆ. ನೋವು, ಊತ, ಜ್ವರ ಮೂರಕ್ಕೂ ಅದರ ಕೈವಾಡ ಇದೆ. ಈ ಮದ್ದುಗಳು ಅದರ ತಯಾರಿಯನ್ನು ತಡೆಯುತ್ತವೆ. ರೋಗವನ್ನು ಕೊಲ್ಲುವುದಿಲ್ಲ. ಮೂರು ದಿನದ ಜ್ವರ ಬಂದಿರುವುದು ವೈರಸ್‌ನಿಂದ. ಮದ್ದಿನಿಂದ ಹಸುವಿಗೆ ಹಾಯಾಗುತ್ತೆ, ವೈರಸ್ ತನ್ನ ದಿನ ಮುಗಿಸಿಯೇ ಹೋಗುತ್ತೆ.

ಇನ್ನೊಂದು ಮಾತು. ಅದೇ ಪ್ರೋಸ್ಟಗ್ಲ್ಯಾಂಡಿನ್ ಒಳ್ಳೆಯ ಕೆಲಸವನ್ನೂ ಮಾಡುತ್ತೆ. ಹೊಟ್ಟೆಯ ಒಳಗೋಡೆಯನ್ನು ಆಸಿಡ್‌ನಿಂದ ಕಾಪಾಡುತ್ತೆ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತೆ. ಮದ್ದು ನೋವಿನ ಬಾಗಿಲು ಮುಚ್ಚುವಾಗ ಈ ಬಾಗಿಲನ್ನೂ ಅಷ್ಟೋ ಇಷ್ಟೋ ಮುಚ್ಚುತ್ತೆ. ಒಂದು ಡೋಸ್‌ಗೆ ಗಟ್ಟಿಮುಟ್ಟಾದ ಹಸು ತಡೆದುಕೊಳ್ಳುತ್ತೆ. ಎರಡು ದಿನದಿಂದ ನೀರು ಮುಟ್ಟದ ಹಸುವಿನ ಮಾತು ಬೇರೆ.

ಸೂಜಿಯಿಂದ ಗಂಜಲದವರೆಗೆ

ಚರ್ಮದ ಕೆಳಗೆ ಕೊಟ್ಟ ಮೆಲಾಕ್ಸಿಕಾಮ್ ನಿಧಾನವಾಗಿ ರಕ್ತಕ್ಕೆ ಸೇರುತ್ತೆ. ಹಾಲು ಕೊಡುವ ಹಸುವಿನ ರಕ್ತದಲ್ಲಿ ಅದರ ಮಟ್ಟ ಅತಿ ಹೆಚ್ಚಾಗುವುದು ಸುಮಾರು 4 ಗಂಟೆಗೆ, ಎಳೆಯ ದನಗಳಲ್ಲಿ ಸುಮಾರು 8 ಗಂಟೆಗೆ. "ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಆಯ್ತು, ಹಸು ಎದ್ದಿಲ್ಲ, ಇನ್ನೊಂದು ಕೊಡಿ" ಅನ್ನುವ ಅವಸರ ಇಲ್ಲಿಯೇ ತಪ್ಪುತ್ತೆ. ಮೊದಲನೆಯದು ಇನ್ನೂ ಏರುತ್ತಿರುತ್ತೆ.

ಬಾಯಿಗೆ ಹಾಕಿದ ಮಾತ್ರೆಗೆ ಇನ್ನೂ ಹೊತ್ತು ಬೇಕು. ನಮ್ಮ ಹೊಟ್ಟೆಯಂತಲ್ಲ ದನದ ಹೊಟ್ಟೆ. ಮಾತ್ರೆ ಮೊದಲು ಬೀಳುವುದು ಹುಲ್ಲು ನೀರು ತುಂಬಿ ಹುದುಗುತ್ತಿರುವ ದೊಡ್ಡ ಹೊಟ್ಟೆಗೆ. ಬೆಳೆದ ಹಸುವಿನಲ್ಲಿ ಅದು 100 ಲೀಟರ್ ಮೀರಿದ ತೊಟ್ಟಿ. ಅಲ್ಲಿ ಕರಗಿ, ತೆಳುವಾಗಿ, ಮುಂದಿನ ಹೊಟ್ಟೆಗಳನ್ನು ದಾಟಿ ಕರುಳು ಸೇರಬೇಕು. ಅಮೆರಿಕದಲ್ಲಿ ಮೆಲುಕು ಹಾಕುವ ಕರುಗಳಿಗೆ ಮೆಲಾಕ್ಸಿಕಾಮ್ ಮಾತ್ರೆ ಕೊಟ್ಟು ಅಳೆದಾಗ ರಕ್ತದಲ್ಲಿ ಮಟ್ಟ ಅತಿ ಹೆಚ್ಚಾಗಿದ್ದು ಸುಮಾರು 12 ಗಂಟೆಗೆ. ಬೆಳಿಗ್ಗೆ ನುಂಗಿಸಿದ್ದು ರಾತ್ರಿಗೆ ತುದಿ ಮುಟ್ಟಿದಂತೆ.

ರಕ್ತ ಸೇರಿದ ಮದ್ದು ಒಂಟಿಯಾಗಿ ತೇಲುವುದಿಲ್ಲ. 100ರಲ್ಲಿ 98 ಪಾಲಿಗಿಂತ ಹೆಚ್ಚು ರಕ್ತದ ಆಲ್ಬುಮಿನ್ ಅನ್ನುವ ಪ್ರೋಟೀನ್‌ಗೆ ಅಂಟಿಕೊಂಡು ಸಾಗುತ್ತೆ. ಬಾವು ಬಂದ ಜಾಗದಲ್ಲಿ ರಕ್ತನಾಳಗಳು ಸಡಿಲವಾಗಿ ಈ ಪ್ರೋಟೀನ್ ಹೊರಗೆ ಸೋರುತ್ತೆ. ಪ್ರೋಟೀನ್ ಜೊತೆ ಮದ್ದೂ ಅಲ್ಲಿಗೆ ಹೋಗುತ್ತೆ. ಅಂದರೆ ಎಲ್ಲಿ ನೋವಿದೆಯೋ ಅಲ್ಲಿ ಮದ್ದು ಹೆಚ್ಚು ಸೇರುತ್ತೆ. ಮಾಂಸದಲ್ಲಿ, ಕೊಬ್ಬಿನಲ್ಲಿ ಕಡಿಮೆ. ಅತಿ ಹೆಚ್ಚು ಇರುವುದು ಲಿವರ್ ಮತ್ತು ಕಿಡ್ನಿಯಲ್ಲಿ, ಯಾಕಂದರೆ ಹೊರಗೆ ಹಾಕುವ ಕೆಲಸ ಅವೆರಡರದ್ದು. ಲಿವರ್ ಅದನ್ನು ಒಡೆದು ಬೇರೆ ರೂಪಕ್ಕೆ ತರುತ್ತೆ. ಸುಮಾರು ಅರ್ಧ ಪಾಲು ಗಂಜಲದಲ್ಲಿ, ಉಳಿದದ್ದು ಪಿತ್ತದ ಮೂಲಕ ಸಗಣಿಯಲ್ಲಿ ಹೋಗುತ್ತೆ.

ಹೊರಗೆ ಬರುವ ಇನ್ನೊಂದು ದಾರಿ ಕೆಚ್ಚಲು. ಹಾಲಿನಲ್ಲೂ ಮೆಲಾಕ್ಸಿಕಾಮ್ ಬರುತ್ತೆ. ಗಂಜಲಕ್ಕೆ ಬರುವುದು ಬಹುತೇಕ ಒಡೆದ ಮದ್ದು. ಹಾಲಿಗೆ ಮಾತ್ರ ಒಡೆಯದೆ, ಇದ್ದ ಹಾಗೆಯೇ ಬರುತ್ತೆ.

ಅರ್ಧ, ಅರ್ಧದ ಅರ್ಧ

ಮದ್ದು ಎಷ್ಟು ಹೊತ್ತು ಮೈಯಲ್ಲಿ ಇರುತ್ತೆ ಅಂತ ಅಳೆಯಲು ವಿಜ್ಞಾನಿಗಳು ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದಾರೆ. ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಎಷ್ಟು ಗಂಟೆ ಬೇಕು? ಹಾಲು ಕೊಡುವ ಹಸುವಿನಲ್ಲಿ ಮೆಲಾಕ್ಸಿಕಾಮ್‌ಗೆ 17.5 ಗಂಟೆ. 100 ಪಾಲು ಇತ್ತು ಅಂದುಕೊಳ್ಳಿ. 17.5 ಗಂಟೆಗೆ 50. 35 ಗಂಟೆಗೆ 25. ಮೂರು ದಿನ ತುಂಬುವ ಹೊತ್ತಿಗೂ 6 ಪಾಲಿನ ಹತ್ತಿರ ಉಳಿದಿರುತ್ತೆ. ಎಳೆಯ ದನಗಳಲ್ಲಿ ಅರ್ಧವಾಗಲು 26 ಗಂಟೆ ಬೇಕು.

ಪ್ರಾಣಿ ಬದಲಾದರೆ ಗಡಿಯಾರವೂ ಬದಲಾಗುತ್ತೆ. ಇದೇ ಮೆಲಾಕ್ಸಿಕಾಮ್ ಹಂದಿಯಲ್ಲಿ ಸುಮಾರು 2.5 ಗಂಟೆಗೆ ಅರ್ಧವಾಗುತ್ತೆ, ಕುದುರೆಯಲ್ಲಿ 8 ಗಂಟೆ ಆಸುಪಾಸು, ನಾಯಿಯಲ್ಲಿ 24 ಗಂಟೆ. ಕುರಿ ಮೇಕೆಗಳು ಈ ನಡುವೆ ಎಲ್ಲೋ ಬರುತ್ತವೆ. "ಹಸುವಿಗೆ ಇಷ್ಟು, ಮೇಕೆ ಚಿಕ್ಕದು, ಅದಕ್ಕೆ ಕಾಲು ಭಾಗ" ಅಂತ ತೂಕ ಮಾತ್ರ ನೋಡಿ ಅಂದಾಜು ಹಾಕಿದರೆ ಸಾಲದು. ತೂಕದ ಜೊತೆ ಆ ಪ್ರಾಣಿಯ ಲಿವರ್ ಎಷ್ಟು ಬೇಗ ಕೆಲಸ ಮಾಡುತ್ತೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಪಶುವೈದ್ಯರು ಓದಿ ಬಂದಿರುವುದು ಇದನ್ನೇ.

ಕಾಯಿಲೆಯೂ ಗಡಿಯಾರವನ್ನು ನಿಧಾನ ಮಾಡುತ್ತೆ. ಮೇಲಿನ ಅಂಕಿಗಳೆಲ್ಲ ಬಹುತೇಕ ಆರೋಗ್ಯವಾಗಿದ್ದ ಪ್ರಾಣಿಗಳ ಮೇಲೆ ಅಳೆದವು. ಕೆಚ್ಚಲು ಬಾವು ಬಂದ ಹಸುಗಳಿಗೆ ಫ್ಲೂನಿಕ್ಸಿನ್ ಕೊಟ್ಟು ನೋಡಿದಾಗ ಆರೋಗ್ಯವಾಗಿರುವ ಹಸುಗಳಿಗಿಂತ ನಿಧಾನವಾಗಿ ಹೊರಗೆ ಹೋಗಿದ್ದು ಕಂಡಿದೆ. ಕೊಟ್ಟ ಜಾಗವೂ ಲೆಕ್ಕಕ್ಕೆ ಬರುತ್ತೆ. ಅಮೆರಿಕದಲ್ಲಿ ಹಸುವಿಗೆ ಫ್ಲೂನಿಕ್ಸಿನ್ ಇಂಜೆಕ್ಷನ್ ರಕ್ತನಾಳಕ್ಕೇ ಕೊಡಬೇಕು ಅಂತ ನಿಯಮ ಇದೆ. ಮಾಂಸಖಂಡಕ್ಕೆ ಚುಚ್ಚಿದರೆ ಅಲ್ಲಿ ಗಾಯವಾಗಿ, ಮದ್ದು ಅಲ್ಲೇ ಉಳಿದು ಹೆಚ್ಚು ದಿನ ಸೋರುತ್ತೆ.

ನಾಲ್ಕು ದಿನ, ಮೂರು ಕೈ

ಈ ಅಂಕಿಗಳು ನಮಗೆ ಬರೀ ಅಂಕಿಗಳಾಗಿ ಉಳಿಯಲಿಲ್ಲ. ಅದಕ್ಕೆ ಕಾರಣ ನಾವು ಹತ್ತಿರದಿಂದ ನೋಡಿದ ಒಂದು ಹಸು. ಊರು, ಹೆಸರು ಬೇಡ.

ನಾಲ್ಕು ಹಸು ಕಟ್ಟಿದ್ದ ಮನೆ. ಅದರಲ್ಲಿ ಹೆಚ್ಚು ಹಾಲು ಕೊಡುತ್ತಿದ್ದ ಹಸುವಿಗೆ ಜ್ವರ ಬಂತು. ಮೊದಲ ದಿನ ಮನೆಯವರೇ ಅಂಗಡಿಯಿಂದ ಬಾಟಲಿ ತಂದು ಪರಿಚಯದವರ ಕೈಲಿ ಕೊಡಿಸಿದರು. ಹಸು ಎದ್ದಿತು, ರಾತ್ರಿ ಮತ್ತೆ ಮಲಗಿತು. ಎರಡನೇ ದಿನ ಬೆಳಿಗ್ಗೆ ಸುತ್ತಮುತ್ತ ಇಂಜೆಕ್ಷನ್ ಕೊಡುವ ಇನ್ನೊಬ್ಬರು ಬಂದು ಎರಡು ಬಾಟಲಿಯಿಂದ ಎಳೆದು ಕೊಟ್ಟರು. ಅದರಲ್ಲಿ ಒಂದು ಸ್ಟಿರಾಯ್ಡ್ ಅಂತ ಆಮೇಲೆ ಗೊತ್ತಾಯಿತು. ಹಸು ಮತ್ತೆ ಎದ್ದಿತು. ಆವತ್ತಿನ ಹಾಲು ಕ್ಯಾನಿಗೆ ಹೋಯಿತು. ಬಿಸಿಲು ಜೋರಿತ್ತು, ಹಸು ನೀರು ಮುಟ್ಟಿರಲಿಲ್ಲ. ಮೂರನೇ ದಿನ ಸಗಣಿ ಕಪ್ಪಾಯಿತು, ಗಂಜಲ ಹನಿಹನಿಯಾಗಿ ನಿಂತಿತು. ಆಗ ವೈದ್ಯರಿಗೆ ಫೋನ್ ಹೋಯಿತು.

ವೈದ್ಯರು ಬಂದು ಕೇಳಿದ ಮೊದಲ ಪ್ರಶ್ನೆ: "ಇದುವರೆಗೆ ಏನೇನು ಕೊಟ್ಟಿದ್ದೀರಿ, ಎಷ್ಟು ಹೊತ್ತಿಗೆ?" ಯಾರಿಗೂ ಹೇಳಲು ಆಗಲಿಲ್ಲ. ಬಾಟಲಿಗಳು ತಿಪ್ಪೆಗೆ ಹೋಗಿದ್ದವು. ಮನೆಯಾಕೆ ತಿಪ್ಪೆ ಕೆದಕಿ ಒಂದು ಬಾಟಲಿ ಹುಡುಕಿ ತಂದರು. ಅದರ ಚೀಟಿ ನೆನೆದು ಅಳಿಸಿತ್ತು. ವೈದ್ಯರು ಗ್ಲೂಕೋಸ್ ಹಾಕಿದರು, ಬಹಳ ಹೊತ್ತು ಕೂತರು. ನಾಲ್ಕನೇ ದಿನ ಬೆಳಿಗ್ಗೆ ಹಸು ಸತ್ತಿತು.

ಮದ್ದೇ ಕೊಂದಿತು ಅಂತ ವೈದ್ಯರು ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಹೇಳಿದ್ದು ಇಷ್ಟು: ಮೊದಲ ಮದ್ದು ಇಳಿಯುವ ಮೊದಲೇ ಎರಡನೆಯದು ಸೇರಿದರೆ ಎರಡೂ ಕೂಡಿ ಮೈಮೇಲೆ ಬೀಳುತ್ತವೆ. ನೋವಿನ ಮದ್ದಿನ ಜೊತೆ ಸ್ಟಿರಾಯ್ಡ್ ಸೇರಿದರೆ ನಾಲ್ಕನೇ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಹೆಚ್ಚು. ಸಗಣಿ ಕಪ್ಪಾಗುವುದು ಅದರ ಗುರುತು. ಮೈಯಲ್ಲಿ ನೀರಿಲ್ಲದಾಗ ಕಿಡ್ನಿ ಸೋಲುವುದು ಬೇಗ. ಗಬ್ಬದ ಹಸುವಾಗಿದ್ದರೆ ಸ್ಟಿರಾಯ್ಡ್‌ನಿಂದ ಕರು ಹೋಗುವ ಭಯ ಬೇರೆ.

ಆ ಮನೆಯವರು ಹಸುವನ್ನು ಹೂಳಲಿಲ್ಲ. ಜೆಸಿಬಿಗೆ ದುಡ್ಡಿರಲಿಲ್ಲ. ಟ್ರ್ಯಾಕ್ಟರ್‌ನಲ್ಲಿ ಎಳೆಸಿ ಕೆರೆ ಅಂಗಳದ ಆಚೆ ಬಿಟ್ಟು ಬಂದರು. ಎರಡು ದಿನ ನಾಯಿಗಳು ಕಿತ್ತಾಡಿದವು. ಚಿಕ್ಕಂದಿನಲ್ಲಿ ನಮಗೆ ಅಜ್ಜಿ ಹೇಳುತ್ತಿದ್ದರು, ಸತ್ತ ದನದ ಮೇಲೆ ಹದ್ದು ಇಳಿದರೆ ಹೊತ್ತು ಮುಳುಗುವಷ್ಟರಲ್ಲಿ ಮೂಳೆ ಮಾತ್ರ ಉಳಿಯುತ್ತಿತ್ತು ಅಂತ. ಈಗ ಯಾವ ಹದ್ದೂ ಇಳಿಯಲಿಲ್ಲ.

ಸತ್ತ ಮೇಲೆ ಗಡಿಯಾರ ನಿಲ್ಲುತ್ತೆ

ಹದ್ದು ಯಾಕೆ ಇಳಿಯಲ್ಲ ಅನ್ನುವುದಕ್ಕೂ ಇದೇ ಮದ್ದಿನ ಲೆಕ್ಕ ಉತ್ತರ ಕೊಡುತ್ತೆ.

ದನ ಬದುಕಿರುವವರೆಗೆ ಲಿವರ್, ಕಿಡ್ನಿ ಕೆಲಸ ಮಾಡಿ ಮದ್ದನ್ನು ಹೊರಗೆ ಹಾಕುತ್ತಿರುತ್ತವೆ. ಸತ್ತ ಕ್ಷಣ ಆ ಕೆಲಸ ನಿಲ್ಲುತ್ತೆ. ಒಳಗಿದ್ದದ್ದು ಒಳಗೇ ಉಳಿಯುತ್ತೆ, ಅದೂ ಲಿವರ್ ಕಿಡ್ನಿಯಲ್ಲಿ ಹೆಚ್ಚಾಗಿ. ರಣಹದ್ದುಗಳು ಮೊದಲು ಬಾಯಿ ಹಾಕುವುದು ಇಂಥ ಮೆತ್ತನೆಯ ಭಾಗಗಳಿಗೇ.

1990ರ ದಶಕದಲ್ಲಿ ನಮ್ಮ ದೇಶದ ದನಗಳಿಗೆ ಡೈಕ್ಲೋಫೆನಾಕ್ ಬಂತು. ಅಗ್ಗ, ಬೇಗ ಕೆಲಸ ಮಾಡುತ್ತೆ, ಎಲ್ಲಾ ಕಡೆ ಸಿಗುತ್ತೆ. ಅದೇ ಹೊತ್ತಿಗೆ ರಣಹದ್ದುಗಳು ಸಾಯತೊಡಗಿದವು. 1992ರಿಂದ 2007ರ ನಡುವೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು 1000ಕ್ಕೆ 1 ಉಳಿದಂತಾಯಿತು. ರೋಗ ಇರಬೇಕು ಅಂತ ಹುಡುಕಿದರು. 2004ರಲ್ಲಿ ಲಿಂಡ್ಸೆ ಓಕ್ಸ್ ಅನ್ನುವ ವಿಜ್ಞಾನಿಯ ತಂಡ ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿ ಕಾರಣ ಹೇಳಿತು: ಡೈಕ್ಲೋಫೆನಾಕ್. ಈ ಮದ್ದಿನಿಂದ ಹದ್ದಿನ ಕಿಡ್ನಿ ಕೆಡುತ್ತೆ, ಯೂರಿಕ್ ಆಸಿಡ್ ಹೊರಗೆ ಹೋಗದೆ ಒಳಗಿನ ಅಂಗಗಳ ಮೇಲೆ ಬಿಳಿ ಸುಣ್ಣದಂತೆ ಕೂರುತ್ತೆ, ಕೆಲವೇ ದಿನದಲ್ಲಿ ಹಕ್ಕಿ ಸಾಯುತ್ತೆ.

ನಮ್ಮ ದೇಶದ ದನ, ಮೇಕೆಗಳಿಗೆ ಡೈಕ್ಲೋಫೆನಾಕ್ ಕೊಟ್ಟು ಅಳೆದಿದ್ದಾರೆ. ಮೇಕೆಯಲ್ಲಿ 26 ಗಂಟೆಗೆ ಅಳೆಯುವಷ್ಟು ಉಳಿದಿರಲಿಲ್ಲ. ದನದಲ್ಲಿ 71 ಗಂಟೆ ಕಳೆದರೂ ಲಿವರ್, ಕಿಡ್ನಿ, ಕರುಳಿನಲ್ಲಿ ಇತ್ತು. ಒಂದೇ ಮದ್ದು, ಎರಡು ಗಡಿಯಾರ. ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ವಿಷ ಇದ್ದರೂ ಹದ್ದಿನ ಸಂತತಿ ಹಾಗೆ ಕುಸಿಯಲು ಸಾಕು ಅಂತ ಲೆಕ್ಕ ತೋರಿಸಿತು. ಒಂದು ಹೆಣಕ್ಕೆ ಹಿಂಡೇ ಇಳಿಯುತ್ತಲ್ಲ, ಅದಕ್ಕೆ.

2006ರಲ್ಲಿ ಕೇಂದ್ರ ಸರ್ಕಾರ ದನಗಳ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸಲು ಹೇಳಿತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. 2015ರಲ್ಲಿ ಮನುಷ್ಯರ ಇಂಜೆಕ್ಷನ್ ಬಾಟಲಿಯನ್ನೂ ಒಂದೇ ಡೋಸ್‌ಗೆ, ಅಂದರೆ 3 ಮಿಲಿಗೆ ಇಳಿಸಿದರು. ಅಸೆಕ್ಲೋಫೆನಾಕ್ ಅನ್ನುವ ಇನ್ನೊಂದು ಮದ್ದು ದನದ ಮೈ ಸೇರಿದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತೆ ಅಂತ ಗೊತ್ತಾಯಿತು. ಬಾಟಲಿಯ ಮೇಲೆ ಒಂದು ಹೆಸರು, ಹಸುವಿನ ಒಳಗೆ ಇನ್ನೊಂದು. 2023ರಲ್ಲಿ ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್ ಎರಡನ್ನೂ, 2024ರ ಕೊನೆಯಲ್ಲಿ ನಿಮೆಸುಲೈಡ್ ಅನ್ನೂ ಪ್ರಾಣಿಗಳಿಗೆ ಕೊಡುವಂತಿಲ್ಲ ಅಂತ ನಿಷೇಧಿಸಿದರು. ಮೆಲಾಕ್ಸಿಕಾಮ್ ಹದ್ದಿಗೆ ಅಪಾಯ ಇಲ್ಲ ಅಂತ ಪರೀಕ್ಷೆಯಲ್ಲಿ ಸಾಬೀತಾಗಿದೆ. ಅದನ್ನು ಹದ್ದಿನ ಮೈ ಬೇಗ ಹೊರಗೆ ಹಾಕುತ್ತೆ. ಟಾಲ್ಫೆನಾಮಿಕ್ ಆಸಿಡ್ ಕೂಡ ಸುರಕ್ಷಿತ ಅಂತ ಕಂಡಿದೆ.

ನಮ್ಮ ಜಿಲ್ಲೆಯ ಪಕ್ಕದಲ್ಲೇ ರಾಮನಗರದ ರಾಮದೇವರ ಬೆಟ್ಟ ಇದೆ. ಶೋಲೆ ಸಿನಿಮಾ ತೆಗೆದ ಬಂಡೆಗಳು. ಅಲ್ಲಿ ಉಳಿದ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಸರ್ಕಾರ ಅದನ್ನು ರಣಹದ್ದು ಧಾಮ ಅಂತ ಘೋಷಿಸಿತು. ಉಳಿದಿರುವುದು ಕೈಬೆರಳೆಣಿಕೆಯ ಹಕ್ಕಿ. ರಣಹದ್ದು ಮೇವು ಹುಡುಕಿ ಒಂದೇ ದಿನದಲ್ಲಿ ನೂರಾರು ಕಿಲೋಮೀಟರ್ ಹಾರಬಲ್ಲದು. ನಮ್ಮ ಕೆರೆ ಅಂಗಳ ಅದಕ್ಕೆ ದೂರ ಅಲ್ಲ.

ಆ ನಲವತ್ತು ಲೀಟರ್ ಯಾರ ಲೆಕ್ಕ?

ಹಾಲಿನ ವಿಷಯಕ್ಕೆ ಬರೋಣ. ಇಲ್ಲಿ ಮಾತು ಕಷ್ಟ. ಯೂರೋಪಿನಲ್ಲಿ ಮೆಲಾಕ್ಸಿಕಾಮ್ ಇಂಜೆಕ್ಷನ್ ಕೊಟ್ಟ ಹಸುವಿನ ಹಾಲನ್ನು 5 ದಿನ ಮಾರುವಂತಿಲ್ಲ, ಮಾಂಸವನ್ನು 15 ದಿನ. ದಿನಕ್ಕೆ 8 ಲೀಟರ್ ಕೊಡುವ ಹಸು ಅಂದರೆ 40 ಲೀಟರ್. ಜ್ವರದಿಂದ ಹಾಲು ಮೊದಲೇ ಇಳಿದಿರುತ್ತೆ, ವೈದ್ಯದ ಖರ್ಚು ಬಿದ್ದಿರುತ್ತೆ. ಅದರ ಮೇಲೆ ಇದ್ದ ಹಾಲನ್ನೂ ಚೆಲ್ಲಿ ಅನ್ನುವುದು ಹೇಳುವವರಿಗೆ ಸುಲಭ. ಡೈರಿಯ ಯಂತ್ರ ಫ್ಯಾಟ್ ತೋರಿಸುತ್ತೆ, ಎಸ್‌ಎನ್‌ಎಫ್ ತೋರಿಸುತ್ತೆ. ಮೆಲಾಕ್ಸಿಕಾಮ್ ತೋರಿಸುವುದಿಲ್ಲ. ಆದ್ದರಿಂದ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಒಂದು ಲೋಟ ಹಾಲಿನಿಂದ ಯಾರಿಗೋ ಏನೋ ಆಗಿಬಿಡುತ್ತೆ ಅಂತ ಹೆದರಿಸಲು ನಾವು ಇದನ್ನು ಬರೆಯುತ್ತಿಲ್ಲ. ಆದರೆ ಆ ಹಾಲು ಮೊದಲು ಕುಡಿಯುವುದು ಡೈರಿಯ ಗಿರಾಕಿಯಲ್ಲ, ನಮ್ಮ ಮನೆಯ ಮಗು. ಚೆಲ್ಲುವ ಹಾಲಿನ ನಷ್ಟವನ್ನು ಒಂಟಿ ಹಸುವಿನ ಮನೆ ಹೊರಬೇಕೋ, ಸಂಘ ಹೊರಬೇಕೋ, ಸರ್ಕಾರ ಹೊರಬೇಕೋ ಅನ್ನುವುದು ಸಂಘದ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ. ಕರು ಹಾಕಿದಾಗಿನ ಗಿಣ್ಣು ಹಾಲನ್ನು ನಾವು ಕ್ಯಾನಿಗೆ ಹಾಕಲ್ಲವಲ್ಲ, ಅದಕ್ಕೊಂದು ರೂಢಿ ಇದೆ. ಇದಕ್ಕೂ ಒಂದು ರೂಢಿ ಆಗಬೇಕು.

ಅಷ್ಟರಲ್ಲಿ ದುಡ್ಡಿಲ್ಲದೆ ಆಗುವ ಕೆಲಸಗಳು ಕೆಲವು ಇವೆ. ಇಂಜೆಕ್ಷನ್ ಕೊಟ್ಟವರು ಯಾರೇ ಇರಲಿ, ಬಾಟಲಿಯನ್ನು ಬಿಸಾಡದೆ ಇಟ್ಟುಕೊಳ್ಳಿ. ಆಗದಿದ್ದರೆ ಅದರ ಚೀಟಿಯ ಫೋಟೋವನ್ನು ಫೋನ್‌ನಲ್ಲಿ ತೆಗೆಯಿರಿ. ದಿನ, ಹೊತ್ತು ಬರೆಯಿರಿ. ಎರಡನೇ ಸಲ ಯಾರನ್ನು ಕರೆದರೂ ಮೊದಲು ಅದನ್ನು ತೋರಿಸಿ. ನೀರು ಕುಡಿಯದ ದನಕ್ಕೆ ನೋವಿನ ಮದ್ದು ಕೊಡುವ ಮೊದಲು ವೈದ್ಯರಿಗೆ ಆ ಮಾತು ಹೇಳಿ. ಹಾಲು ಎಷ್ಟು ದಿನ ಬೇರೆ ಇಡಬೇಕು ಅಂತ ಬಾಯಿಬಿಟ್ಟು ಕೇಳಿ. ಬಾಟಲಿಯ ಮೇಲೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್, ನಿಮೆಸುಲೈಡ್ ಅಂತ ಇದ್ದರೆ ಬೇಡ ಅನ್ನಿ. ಮದ್ದು ಕೊಟ್ಟ ಕೆಲವೇ ದಿನದಲ್ಲಿ ದನ ಸತ್ತರೆ ಹೂಳಿ. ವೈದ್ಯರು ಹತ್ತಿರ ಇಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತೆ.

ಹಸು ಕಳೆದುಕೊಂಡ ಆ ಮನೆಯ ಕಡೆ ಮೊನ್ನೆ ಹೋಗಿದ್ದೆವು. ಉಳಿದ ಮೂರು ಹಸು ಚೆನ್ನಾಗಿವೆ. ಕೊಟ್ಟಿಗೆಯ ಗೋಡೆಗೆ ಹಳೆಯ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಅದರಲ್ಲಿ ಮನೆಯಾಕೆ ಮಗಳ ಸ್ಕೂಲ್ ಪೆನ್ನಿನಲ್ಲಿ ಬರೆದಿದ್ದಾರೆ: ಕೆಂದ ಹಸು, ಮೆಲಾಕ್ಸಿಕಾಮ್, ಬೆಳಿಗ್ಗೆ 7 ಗಂಟೆ, ಡಾಕ್ಟರ್. ಅದರ ಮುಂದಿನ ಐದು ಮನೆಗಳಲ್ಲಿ ಒಂದೊಂದು ಗೆರೆ ಎಳೆದಿದ್ದಾರೆ.